ಓದುಗರ ಪ್ರಶ್ನೆ: ಶಾಲೆ ಹುಟ್ಟಿದ ಇಸವಿ ಯಾವುದು?

ಪ್ರಶ್ನೆ: ನಮ್ಮ ಕ್ಯಾಥೊಲಿಕ್ ಹೈಸ್ಕೂಲಿನ ಶತಮಾನೋತ್ಸವ ಸಂಚಿಕೆ ತರುತ್ತಿದ್ದೇವೆ. ಕಟ್ಟಡದ ಕಲ್ಲಿನಲ್ಲಿ ಒಂದು ಇಸವಿ, ಮಾನ್ಯತೆ ಪತ್ರದಲ್ಲಿ ಇನ್ನೊಂದು, ಹಿರಿಯರ ಬಾಯಲ್ಲಿ ಮೂರನೆಯದು. ಯಾವುದನ್ನು ಅಚ್ಚು ಹಾಕಿಸೋಣ?
– ಹಳೆಯ ವಿದ್ಯಾರ್ಥಿ, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಮೂರೂ ಸರಿ ಇರಬಹುದು. ಕಲ್ಲು ಹೇಳುವುದು ಕಟ್ಟಡದ ವಯಸ್ಸು, ಪತ್ರ ಹೇಳುವುದು ಸರ್ಕಾರ ಒಪ್ಪಿದ ದಿನ. ಹಿರಿಯರು ನೆನೆಯುವುದು ಬಹುಶಃ ಚರ್ಚಿನ ಮಗ್ಗುಲಲ್ಲಿ ನಡೆಯುತ್ತಿದ್ದ ಪ್ರೈಮರಿಯನ್ನು.

ಮೊದಲು ಅತಿ ಹಳೆಯ ಅಡ್ಮಿಷನ್ ರಿಜಿಸ್ಟರ್ ಹುಡುಕಿ. ಒಂದನೇ ಪುಟದಲ್ಲೇ, ಒಂದೇ ತಾರೀಖಿಗೆ, ಎಲ್ಲ ತರಗತಿಗೂ ಮಕ್ಕಳು ಸೇರಿದ್ದರೆ ಅದು ಶಾಲೆಯ ಮೊದಲ ದಿನವಲ್ಲ. ನಡೆಯುತ್ತಿದ್ದ ಶಾಲೆಗೆ ಹೊಸ ಪುಸ್ತಕ ತೆರೆದ ದಿನ. ಪ್ರವೇಶ ಸಂಖ್ಯೆ 1 ನೋಡಿದೊಡನೆ ಹಿಗ್ಗಿ ಮೋಸಹೋಗುವುದು ಇಲ್ಲೇ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ಸರ್ಕಾರಕ್ಕೆ ಸೇರಿತ್ತು. ಅಲ್ಲಿನ ಲೆಕ್ಕದಲ್ಲಿ ಪ್ರೈಮರಿಯ ನಂತರದ ತರಗತಿಗೆ ಫಾರಂ ಎನ್ನುತ್ತಿದ್ದರು; ಒಂದರಿಂದ ಮೂರನೇ ಫಾರಂ ಮಿಡ್ಲ್ ಸ್ಕೂಲು, ನಾಲ್ಕರಿಂದ ಆರು ಹೈಸ್ಕೂಲು. ರಿಜಿಸ್ಟರಿನಲ್ಲಿ ನಾಲ್ಕನೇ ಫಾರಂ ಮೊದಲ ಸಲ ಕಾಣುವ ವರ್ಷವೇ ನಿಮ್ಮ ಹೈಸ್ಕೂಲಿನ ವರ್ಷ.

ರಿಜಿಸ್ಟರ್ ಗೆದ್ದಲು ತಿಂದಿದ್ದರೆ ಕಡತಗಳ ಹಿಂದೆ ಹೋಗಬೇಕು. ಬಳ್ಳಾರಿ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತದ ಸೀಮೆ) ಆದದ್ದೇ 1949ರಲ್ಲಿ; ಚರ್ಚಿನ ಲೆಕ್ಕದಲ್ಲಿ ಅದಕ್ಕೂ ಮುಂಚೆ ಈ ಸೀಮೆ ನೆಲ್ಲೂರು ಧರ್ಮಪ್ರಾಂತ್ಯಕ್ಕೆ, 1928ಕ್ಕೂ ಹಿಂದೆ ಮದರಾಸಿನ ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಬಿಷಪ್ ಹೌಸಿನಲ್ಲಿ ಹಳೆಯ ಪತ್ರ ಸಿಗಲಿಲ್ಲವೆಂದು ಕೈಬಿಡಬೇಡಿ, ಆ ಎರಡು ಕಡೆಗೂ ಬರೆಯಿರಿ. ಸಿಸ್ಟರುಗಳು ನಡೆಸಿದ ಶಾಲೆಯಾದರೆ ಕಾನ್ವೆಂಟಿನ ದಿನಚರಿ ಕೇಳಿ. ಸರ್ಕಾರದ ಕಡೆಯ ಕಾಗದಗಳಿಗೆ ಚೆನ್ನೈ ಎಗ್ಮೋರಿನ ಪತ್ರಾಗಾರ. ಒಂದು ಎಚ್ಚರಿಕೆ: ಮಿಷನ್ ಸ್ಕೂಲ್ ಎಂದು ಕಂಡದ್ದೆಲ್ಲ ಕ್ಯಾಥೊಲಿಕರದ್ದಲ್ಲ. ಬಳ್ಳಾರಿಯ ವಾರ್ಡ್‌ಲಾ ಶಾಲೆ ಲಂಡನ್ ಮಿಷನ್ನಿನದು, ಅಂದರೆ ಪ್ರಾಟೆಸ್ಟೆಂಟರದು.

ಸಿಕ್ಕ ಹಾಳೆಗಳನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿಗೆ, ಅಂಟಿಗೆ ಹಳೆಯ ಕಾಗದ ಕೆಡುತ್ತದೆ, ಮತ್ತೆ ಬಿಡಿಸಲಾಗದು. ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಫೋಟೊ ತೆಗೆಯಿರಿ. ಸಂಚಿಕೆಯಲ್ಲಿ ಮೂರೂ ಇಸವಿ ಹಾಕಿ, ಪ್ರತಿಯೊಂದರ ಮುಂದೆ ಅದು ಯಾವುದರ ಇಸವಿ ಎಂದು ಬರೆಯಿರಿ.

ಪ್ರಶ್ನೆ: ನಮ್ಮ ಶಾಲೆಯ ಉರ್ದು ಕಾಗದದಲ್ಲಿ 1341 ಎಂದಿದೆ. ಹಿಜರಿ ಎಂದು ಲೆಕ್ಕ ಹಾಕಿದರೆ 1922 ಬರುತ್ತದೆ. ಸರಿಯೇ?
– ಓದುಗರು, ಮುದಗಲ್

ಉತ್ತರ: ತಿಂಗಳ ಹೆಸರು ನೋಡಿ. ಮೊಹರಂ, ರಂಜಾನ್ ಎಂದಿದ್ದರೆ ಹಿಜರಿ; ಮೊಹರಂ ಆದರೆ ನಿಮ್ಮ ಲೆಕ್ಕ ಸರಿ, ರಂಜಾನ್ ಆದರೆ 1923. ಆಜರ್, ದೈ, ಬಹಮನ್ ಎಂದಿದ್ದರೆ ಅದು ನಿಜಾಮರ ಕಚೇರಿಯ ಫಸಲಿ, ಅಂದರೆ ಕಂದಾಯದ ಲೆಕ್ಕದ ಇಸವಿ. ಫಸಲಿಗೆ 590 ಕೂಡಿಸಬೇಕು: 1931ರ ಅಕ್ಟೋಬರಿನಿಂದ 1932ರ ಅಕ್ಟೋಬರಿನವರೆಗೆ. ಒಂಬತ್ತು ವರ್ಷದ ಅಂತರ! ರಾಯಚೂರು ಸೀಮೆ 1956ರವರೆಗೆ ಹೈದರಾಬಾದಿನದಾದ್ದರಿಂದ ಮೂಲ ಕಡತ ಹುಡುಕಲು ಅಲ್ಲಿನ ತಾರ್ನಾಕಾ ಪತ್ರಾಗಾರಕ್ಕೇ ಹೋಗಬೇಕು. ಉರ್ದು ಓದಬಲ್ಲವರೊಬ್ಬರು ಜೊತೆಗಿರಲಿ.