ಮುಖಪುಟದ ಸಸಿ, ಒಳಪುಟದ ಲೆಕ್ಕ: ಸಂಪಾದಕರ ಉತ್ತರ

ಪುಣೆಯ ಚಿಂಚ್‌ವಡದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ನಿಮ್ಮ ಕೋರಿಕೆಯಂತೆ ನಿಮ್ಮ ಹೆಸರನ್ನೂ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ.

ನೀವು ದುಡಿಯುವ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯ ವಾರ್ಷಿಕ ವರದಿಯ ಮುಖಪುಟದಲ್ಲಿ ಮಕ್ಕಳು ಸಸಿ ನೆಡುವ ಚಿತ್ರವಿದೆ, ಒಳಗೆ ಇಂಗಾಲದ ಹೊರಸೂಸುವಿಕೆ ಇಳಿದಿದೆ ಎಂಬ ಸಾಲಿದೆ, ಆದರೆ ನಿಮ್ಮ ಪಕ್ಕದಲ್ಲೇ ನಿಂತು ಸೋಲ್ಡರಿಂಗ್ ಮಾಡುವ ಗುತ್ತಿಗೆ ಕಾರ್ಮಿಕರಿಗೆ ಬೇರೆ ಬಣ್ಣದ ಗುರುತಿನ ಚೀಟಿ, ಅರ್ಧ ಸಂಬಳ. ಇಂಥ ಕಂಪನಿಯನ್ನು ಜವಾಬ್ದಾರಿಯುತವೆಂದು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಆ ಪುಟದ ಜೆರಾಕ್ಸ್ ಇಟ್ಟು, ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದ್ದು ಬಹಳ ಉಪಕಾರವಾಯಿತು.

ಸಸಿಯ ವಿಷಯ ಬೇಗ ಮುಗಿಯುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಟ್ಟ ದಾಟಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ಕೆರೆಯ ಹೂಳೆತ್ತಿದರೆ ಒಳ್ಳೆಯದೇ. ಆದರೆ ಆ ಲಾಭ ಯಾವ ದಾರಿಯಲ್ಲಿ ಬಂತೆಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ಅದನ್ನು ಹೇಳುವುದು ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ನಮ್ಮ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕಚೇರಿಯಿರುವ, ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ 2022-23ರಿಂದ ಇದನ್ನು ಕಡ್ಡಾಯ ಮಾಡಿದೆ.

ಈಗ ನಿಮ್ಮ ಕೆಂಪು ಗೆರೆಗೆ ಬರೋಣ. ಅಲ್ಲಿರುವುದು ‘ವಹಿವಾಟಿನ ಪ್ರತಿ ಕೋಟಿ ರೂಪಾಯಿಗೆ’ ಹೊರಸೂಸುವಿಕೆ ಇಳಿದಿದೆ ಎಂಬ ಮಾತು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ದಿನಕ್ಕೆ 400 ದೋಸೆಗೆ 2 ಸಿಲಿಂಡರ್ ಗ್ಯಾಸ್ ಬೇಕಿತ್ತು, ವ್ಯಾಪಾರ ಬೆಳೆದು 800 ದೋಸೆಗೆ 3 ಸಿಲಿಂಡರ್ ಬೇಕಾಯಿತು ಎಂದಿಟ್ಟುಕೊಳ್ಳಿ. ದೋಸೆಯೊಂದರ ಲೆಕ್ಕದಲ್ಲಿ ಗ್ಯಾಸ್ ಶೇ. 25 ಉಳಿಯಿತು, ಉರಿದ ಸಿಲಿಂಡರ್ ಮಾತ್ರ ಒಂದು ಹೆಚ್ಚಾಯಿತು. ಉಳಿತಾಯ ಸುಳ್ಳಲ್ಲ, ಆದರೆ ಆಕಾಶಕ್ಕೆ ಹೋಗುವುದು ಸಿಲಿಂಡರಿನ ಹೊಗೆ. ಆದ್ದರಿಂದ ಒಟ್ಟು ಟನ್‌ಗಳ ಸಾಲನ್ನೇ ಎರಡು ವರ್ಷಕ್ಕೆ ಹೋಲಿಸಿ ನೋಡಿ.

ಅಲ್ಲೂ ಒಂದು ತೊಡಕಿದೆ. ಹೊರಸೂಸುವಿಕೆಯನ್ನು ‘ಸ್ಕೋಪ್’ ಎಂಬ ಮೂರು ವರ್ಗಗಳಾಗಿ ಲೆಕ್ಕ ಹಾಕುತ್ತಾರೆ: ಸ್ವಂತ ಕಾರ್ಖಾನೆಯ ಹೊಗೆ ಸ್ಕೋಪ್ 1, ಕೊಂಡ ವಿದ್ಯುತ್ತಿನದು ಸ್ಕೋಪ್ 2, ಬಿಡಿಭಾಗ ಪೂರೈಸುವವರದೂ ಗ್ರಾಹಕರ ಬಳಕೆಯದೂ ಸ್ಕೋಪ್ 3. ಫೋನಿನಂಥ ವಸ್ತುಗಳಲ್ಲಿ ಇಂಗಾಲದ ದೊಡ್ಡ ಪಾಲು ಚಿಪ್ ಮತ್ತು ಲೋಹ ತಯಾರಾಗುವ ಕಡೆ ಹುಟ್ಟುತ್ತದೆ. ಬಿಆರ್‌ಎಸ್‌ಆರ್‌ನಲ್ಲಿ ಆ ಸ್ಕೋಪ್ 3 ಐಚ್ಛಿಕ ಭಾಗಕ್ಕೆ ಸೇರಿದೆ. ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ನಿಮ್ಮ ಜೊತೆಗಾರರ ಪ್ರಶ್ನೆಗೆ ಮಾತ್ರ ಅದೇ ವರದಿಯಲ್ಲಿ ಜಾಗವಿದೆ. ಕನಿಷ್ಠ ವೇತನದಷ್ಟೇ ಪಡೆಯುವವರೆಷ್ಟು, ಅದಕ್ಕಿಂತ ಹೆಚ್ಚು ಪಡೆಯುವವರೆಷ್ಟು, ಆರೋಗ್ಯ ವಿಮೆ ಎಷ್ಟು ಮಂದಿಗಿದೆ ಎಂಬುದನ್ನು ಕಾಯಂ ನೌಕರರಿಗೂ ಕಾಯಂ ಅಲ್ಲದವರಿಗೂ ಬೇರೆಬೇರೆಯಾಗಿ ತೋರಿಸಬೇಕು. ನೀವು ಕಳಿಸಿದ ಜೆರಾಕ್ಸ್‌ನಲ್ಲಿ ಆ ಕೋಷ್ಟಕವಿಲ್ಲ. ದಯವಿಟ್ಟು ಹುಡುಕಿ. ನಿಮ್ಮ ಬಳಿ ಕಂಪನಿಯ ಒಂದೇ ಶೇರಿದ್ದರೂ ವಾರ್ಷಿಕ ಮಹಾಸಭೆಯಲ್ಲಿ ಅದರ ಬಗ್ಗೆ ಕೇಳಬಹುದು. ಬಂದ ಉತ್ತರವನ್ನು ನಮಗೆ ಕಳಿಸಿದರೆ, ಹೆಸರು ಬಿಟ್ಟು, ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.

-ಸಂಪಾದಕ