ಬಸುರಿಯರಿಗೆ ಡೆಂಗಿ, ಝೀಕಾ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆಯಾಗುತ್ತಾ?

ಆಗಬಹುದು, ಆದರೆ ಎಲ್ಲಾ ವೈರಸ್ಸೂ ಒಂದೇ ಥರ ಅಲ್ಲ. ಮಗುವಿಗೆ ಜಾಸ್ತಿ ಅಪಾಯ ಝೀಕಾದಿಂದ. ತಾಯಿಗೆ ಜ್ವರವೇ ಕಾಣಿಸದಿದ್ದರೂ ಅದು ಮಾಸು, ಅಂದರೆ ತಾಯಿಯ ರಕ್ತದಿಂದ ಮಗುವಿಗೆ ಆಹಾರ ಸಾಗಿಸುವ ಅಂಗವನ್ನು ದಾಟಿ, ಬೆಳೆಯುತ್ತಿರುವ ಮೆದುಳಿನ ಜೀವಕೋಶಗಳನ್ನೇ ಹಾಳುಮಾಡಬಲ್ಲದು. ಕೆಲವು ಮಕ್ಕಳು ತೀರಾ ಸಣ್ಣ ತಲೆಯೊಂದಿಗೆ ಹುಟ್ಟುವುದು ಅದಕ್ಕೇ. 2023ರಲ್ಲಿ ಚಿಕ್ಕಬಳ್ಳಾಪುರದ ಸೊಳ್ಳೆಗಳಲ್ಲಿ ಇದು ಸಿಕ್ಕಿತ್ತು, ಬೆಂಗಳೂರಿಗೆ ದೂರವೇನಲ್ಲ ಅಲ್ವಾ.

ನಮ್ಮಲ್ಲಿ ಮಾಮೂಲಿಯಾದ ಡೆಂಗಿ ಬೇರೆ ಥರ: ತಾಯಿಗೆ ರಕ್ತಸ್ರಾವ, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಚಿಕೂನ್‌ಗುನ್ಯಾ ಹೆರಿಗೆ ಹೊತ್ತಿಗೆ ಬಂದರೆ ಮಗುವಿಗೂ ಅಂಟಬಹುದು.

ಮೂರನ್ನೂ ಹರಡೋದು ಈಡಿಸ್ ಸೊಳ್ಳೆ. ಹಗಲಲ್ಲೇ ಕಚ್ಚುತ್ತದೆ, ಮುಚ್ಚದ ಸಂಪಿನಲ್ಲೂ ಬೆಳೆಯುತ್ತದೆ, ಹಾಗಾಗಿ ರಾತ್ರಿ ಪರದೆ ಕಟ್ಟಿದರಷ್ಟೇ ಸಾಲದು. ಜ್ವರ ಬಂದರೆ ಸುಮ್ನೆ ಮೆಡಿಕಲ್ ಶಾಪಿಂದ ಬ್ರೂಫೆನ್ ತಗೋಬೇಡಿ, ಅದು ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.