ಬಿಸಿಲು ತಳ್ಳುವ ಬಂಡೆರಾಶಿ

ಪ್ರಶ್ನೆ: ‘ಬೆನ್ನು’ ಎಂಬ ಕ್ಷುದ್ರಗ್ರಹ 2182ರಲ್ಲಿ ಭೂಮಿಗೆ ಅಪ್ಪಳಿಸುವ ಸಾಧ್ಯತೆ 2,700ರಲ್ಲಿ ಒಂದು ಎಂದು ಓದಿದೆ. ಗ್ರಹಣ ಯಾವಾಗ ಎಂದು ಅಷ್ಟು ಮೊದಲೇ ಕರಾರುವಾಕ್ಕಾಗಿ ಹೇಳುವವರು ಈ ಕಲ್ಲಿನ ವಿಷಯದಲ್ಲಿ ಮಾತ್ರ ಹೌದು ಅಥವಾ ಇಲ್ಲ ಎಂದು ಏಕೆ ಹೇಳುವುದಿಲ್ಲ?

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ. 2182 ಎಂಬ ಇಸವಿಯನ್ನು ಹಿಡಿದುಕೊಂಡು ಹೆದರಿಸುವವರು ಬೇಕಾದಷ್ಟಿದ್ದಾರೆ, ಆ ಒಂದು ಪಾಲಿನ ಅನುಮಾನ ಎಲ್ಲಿಂದ ಬಂತು ಎಂದು ಕೇಳುವವರು ಅಪರೂಪ. ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಕರಿಹಲಗೆಯ ಮೇಲೆ ದೀರ್ಘವೃತ್ತ ಬರೆದು, ಒಂದು ನಾಭಿಯಲ್ಲಿ ಸೂರ್ಯನನ್ನು ಕೂರಿಸಿ, ಕೆಪ್ಲರನ ಮೂರು ನಿಯಮ ಹೇಳಿದರೆ ಕಕ್ಷೆಯ ಪಾಠ ಮುಗಿಯುತ್ತದೆ. ಅಲ್ಲಿ ಸುತ್ತುವ ವಸ್ತು ಬರೀ ಒಂದು ಚುಕ್ಕೆ. ಅದು ಕಪ್ಪೋ ಬಿಳುಪೋ, ಗಟ್ಟಿಯೋ ಪೊಳ್ಳೋ, ಯಾವ ಕಡೆಗೆ ತಿರುಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಬೆನ್ನು ಲೆಕ್ಕದಲ್ಲಿ ಇವೆಲ್ಲವನ್ನೂ ಕೇಳಲೇಬೇಕು.

ಇದು 1999ರ ಸೆಪ್ಟೆಂಬರಿನಲ್ಲಿ ಪತ್ತೆಯಾದ ಕ್ಷುದ್ರಗ್ರಹ. ಅಡ್ಡಳತೆ ಸುಮಾರು 490 ಮೀಟರ್. ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 437 ದಿನ ಬೇಕು. ಕಕ್ಷೆಯ ಒಂದು ತುದಿ ಭೂಕಕ್ಷೆಯ ಒಳಗಿದೆ, ಇನ್ನೊಂದು ತುದಿ ಹೊರಗೆ ಚಾಚಿದೆ. ಹಾಗಾಗಿ ಸುಮಾರು ಆರು ವರ್ಷಕ್ಕೊಮ್ಮೆ ನಮ್ಮ ನೆರೆಗೆ ಬಂದು ಹೋಗುತ್ತದೆ. ಬಣ್ಣ ಇದ್ದಿಲಿನಂತೆ ಕಪ್ಪು. ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಉಳಿದದ್ದೆಲ್ಲ ಒಳಗೆ ಬಿಸಿಯಾಗಿ ಸೇರುತ್ತದೆ. ಹಗಲಿನಲ್ಲಿ ಮೇಲ್ಮೈ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ರಾತ್ರಿ ಶೂನ್ಯಕ್ಕಿಂತ 70 ಡಿಗ್ರಿ ಕೆಳಗಿಳಿಯುತ್ತದೆ. ಅಲ್ಲಿನ ಹಗಲು ರಾತ್ರಿ ಎರಡೂ ಸೇರಿ ನಮ್ಮ 4.3 ಗಂಟೆ ಅಷ್ಟೇ.

ಈ ಬಿಸಿಯೇ ಕಥೆಯ ತಿರುಳು. ನೆಲ ಅತಿ ಹೆಚ್ಚು ಕಾಯುವುದು ನಡುಮಧ್ಯಾಹ್ನದಲ್ಲಲ್ಲ, ಸ್ವಲ್ಪ ಹೊತ್ತು ಕಳೆದ ಮೇಲೆ. ಕಾದ ಆ ಇಳಿಹೊತ್ತಿನ ಮುಖ ಶಾಖವನ್ನು ಹೊರಕ್ಕೆ ಸೂಸುವಾಗ ಕ್ಷುದ್ರಗ್ರಹಕ್ಕೆ ಎದುರು ದಿಕ್ಕಿನಲ್ಲಿ ಸಣ್ಣ ತಳ್ಳು ಬೀಳುತ್ತದೆ. ಬೆನ್ನು ತಾನು ಸೂರ್ಯನನ್ನು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತನ್ನ ಅಕ್ಷದ ಮೇಲೆ ತಿರುಗುತ್ತದೆ. ಆದ್ದರಿಂದ ಅದರ ಇಳಿಹೊತ್ತಿನ ಮುಖ ಸದಾ ಮುಂದಕ್ಕೆ, ಸಾಗುವ ದಿಕ್ಕಿಗೇ ಇರುತ್ತದೆ. ತಳ್ಳು ಹಿಂದಕ್ಕೆ ಬೀಳುತ್ತದೆ. ಇದನ್ನು ಯಾರ್ಕೋವ್ಸ್ಕಿ ಪರಿಣಾಮ ಎನ್ನುತ್ತಾರೆ. ಇವಾನ್ ಯಾರ್ಕೋವ್ಸ್ಕಿ ರಷ್ಯಾದಲ್ಲಿ ಎಂಜಿನಿಯರಾಗಿದ್ದವರು. 1900ರ ಆಸುಪಾಸಿನಲ್ಲಿ ಹೊಳೆದ ಅವರ ಈ ವಿಚಾರ ಕ್ಷುದ್ರಗ್ರಹವೊಂದರ ಮೇಲೆ ರೇಡಾರ್ ಅಳತೆಯಿಂದ ಸಾಬೀತಾಗಲು 2003ರವರೆಗೆ ಕಾಯಬೇಕಾಯಿತು.

ತಳ್ಳು ಎಷ್ಟು? ಅಂಗೈಯಲ್ಲಿ ಎರಡು ಮೂರು ದ್ರಾಕ್ಷಿ ಇಟ್ಟುಕೊಂಡರೆ ಎಷ್ಟು ಭಾರವೋ ಹೆಚ್ಚುಕಡಿಮೆ ಅಷ್ಟು. ತಳ್ಳಿಸಿಕೊಳ್ಳುವ ರಾಶಿಯ ತೂಕ ಏಳು ಕೋಟಿ ಟನ್ನಿಗೂ ಹೆಚ್ಚು. ಆದರೂ ಕಕ್ಷೆಯ ಸರಾಸರಿ ದೂರ ವರ್ಷಕ್ಕೆ ಸುಮಾರು 284 ಮೀಟರ್ ಕುಗ್ಗುತ್ತದೆ. ಕಕ್ಷೆ ಕುಗ್ಗಿದರೆ ಸುತ್ತು ಬೇಗ ಮುಗಿಯುತ್ತದೆ. (ಹಿಂದಕ್ಕೆ ತಳ್ಳಿದರೆ ಮುಂಚೆಯೇ ಬಂದು ಮುಟ್ಟುತ್ತದೆ ಎಂಬುದು ವಿಚಿತ್ರವೆನಿಸಿದರೂ ಕೆಪ್ಲರನ ಮೂರನೇ ನಿಯಮ ಹೇಳುವುದು ಅದನ್ನೇ.) ಪ್ರತಿ ಸುತ್ತಿನ ಉಳಿತಾಯ ಮುಂದಿನದಕ್ಕೆ ಕೂಡುತ್ತಾ ಹೋಗಿ, 1999ರಿಂದ 2011ರೊಳಗೆ ಬೆನ್ನು ಬರೀ ಗುರುತ್ವದ ಲೆಕ್ಕ ಹೇಳಿದ ಜಾಗಕ್ಕಿಂತ ಸುಮಾರು 160 ಕಿಲೋಮೀಟರ್ ಆಚೆ ಸರಿದಿತ್ತು. ಚಂದ್ರನಷ್ಟು ದೊಡ್ಡ ಕಾಯಕ್ಕೆ ಇಂಥ ತಳ್ಳು ಲೆಕ್ಕಕ್ಕೇ ಇಲ್ಲ. ನೀವು ಹೇಳಿದ ಗ್ರಹಣಕ್ಕೂ ಇದಕ್ಕೂ ಇರುವ ಅಂತರ ಇದೇ.

ಇನ್ನು ಅನುಮಾನದ ಮಾತು. ನಾಸಾದ ಒಸೈರಿಸ್-ರೆಕ್ಸ್ ನೌಕೆ 2018ರ ಕೊನೆಯಿಂದ 2021ರ ಮೇ ತಿಂಗಳವರೆಗೆ ಬೆನ್ನು ಜೊತೆಗಿದ್ದು ಅಳೆದದ್ದರಿಂದ ಆ 284 ಮೀಟರಿನ ಅಂಕಿಯಲ್ಲಿ ಈಗ 20 ಸೆಂಟಿಮೀಟರಿನಷ್ಟು ಮಾತ್ರ ಆಚೀಚೆ ಉಳಿದಿದೆ. ಹೀಗಾಗಿ 2135ರ ಸೆಪ್ಟೆಂಬರಿನವರೆಗೆ ದಾರಿ ಸ್ಪಷ್ಟ. ಆ ತಿಂಗಳು ಅದು ಚಂದ್ರನಿಗಿಂತ ಹತ್ತಿರ ಹಾದುಹೋಗುತ್ತದೆ, ಭೂಮಿಗೆ ಬಡಿಯುವುದಿಲ್ಲ. ಆದರೆ ಹತ್ತಿರ ಬಂದದ್ದನ್ನು ಭೂಮಿಯ ಸೆಳೆತ ಬಾಗಿಸುತ್ತದೆ. ಆ ದಿನ ಕೆಲವೇ ಕಿಲೋಮೀಟರ್ ಹೆಚ್ಚುಕಡಿಮೆಯಾದರೂ ಬಾಗು ಬದಲಾಗಿ, ಸುತ್ತುವ ಅವಧಿ ಬದಲಾಗಿ, 47 ವರ್ಷದ ನಂತರ ಅದು ಎಲ್ಲಿರುತ್ತದೆ ಎಂಬುದೇ ಬೇರೆಯಾಗುತ್ತದೆ. ಸಾಧ್ಯವಿರುವ ಅಷ್ಟೂ ದಾರಿಗಳಲ್ಲಿ ತೀರಾ ಕಿರಿದಾದ ಒಂದು ಪಟ್ಟಿ ಮಾತ್ರ 2182ರ ಸೆಪ್ಟೆಂಬರ್ 24ರಂದು ಭೂಮಿಯನ್ನು ಮುಟ್ಟುತ್ತದೆ. 2021ರಲ್ಲಿ ಪ್ರಕಟವಾದ ಲೆಕ್ಕದ ‘2,700ರಲ್ಲಿ ಒಂದು’ ಎಂದರೆ ಆ ಪಟ್ಟಿಯೇ. ತಪ್ಪಿಸಿಕೊಳ್ಳುವ ಸಾಧ್ಯತೆ ಶೇಕಡ 99.96. ಇದನ್ನು ನಾನು ವಿಜ್ಞಾನದ ಸೋಲು ಎನ್ನಲಾರೆ. ಇಷ್ಟು ಪ್ರಾಮಾಣಿಕವಾಗಿ ಅಳೆದ ಭವಿಷ್ಯ ನಮ್ಮ ಬಳಿ ಹೆಚ್ಚಿಲ್ಲ.

ಪ್ರಶ್ನೆ: ಬೆನ್ನು ಮೇಲೆ ಮನುಷ್ಯ ನಿಲ್ಲಬಹುದೇ?

ಉತ್ತರ: ಕಷ್ಟ. ಅಲ್ಲಿನ ಸೆಳೆತ ಭೂಮಿಯದರ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ವೇಗದಲ್ಲಿ ಮೇಲೆದ್ದರೆ ಸಾಕು, ಮತ್ತೆ ಕೆಳಗೆ ಬರುವುದಿಲ್ಲ. ಕಾಲೂರಿದರೂ ನೆಲ ತಡೆದುಕೊಳ್ಳುತ್ತದೆ ಎಂಬ ಭರವಸೆಯಿಲ್ಲ. ಭೂಮಿಯಿಂದ ಅಳೆದ ಶಾಖದ ಲೆಕ್ಕ ನೋಡಿ ಅಲ್ಲಿ ನುಣುಪಾದ ಜಲ್ಲಿ ಹಾಸಿರಬಹುದು ಎಂದುಕೊಂಡಿದ್ದರು. ನೌಕೆ ಹೋಗಿ ನೋಡಿದರೆ ಎಲ್ಲೆಲ್ಲೂ ಬಂಡೆ! ಆ ಬಂಡೆಗಳೇ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿ ಜಲ್ಲಿಯಂತೆ ಬೇಗ ಕಾದು ಬೇಗ ತಣಿಯುತ್ತಿದ್ದವು. ಇಡೀ ಕಾಯದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಘನ ಸೆಂಟಿಮೀಟರಿಗೆ 1.19 ಗ್ರಾಂ. ಅಂದರೆ ಒಳಗಿನ ಅರ್ಧದಷ್ಟು ಜಾಗ ಖಾಲಿ. 2020ರ ಅಕ್ಟೋಬರ್ 20ರಂದು ನೌಕೆಯ ತೋಳು ಮುಟ್ಟಿದಾಗ ನೆಲ ಎದುರೇ ಕೊಡಲಿಲ್ಲ, ತೋಳು ಅರ್ಧ ಮೀಟರಿನಷ್ಟು ಒಳಕ್ಕಿಳಿಯಿತು. ಸಿಕ್ಕ ಮಾದರಿ ಎಷ್ಟಿತ್ತೆಂದರೆ ಪಾತ್ರೆಯ ಮುಚ್ಚಳಕ್ಕೆ ಕಲ್ಲುಚೂರು ಸಿಕ್ಕಿಕೊಂಡು ಸ್ವಲ್ಪ ಹೊರಗೆ ಚೆಲ್ಲಿತು. ಆದರೂ 121.6 ಗ್ರಾಂ ಭೂಮಿಗೆ ಬಂತು. ಅದರಲ್ಲಿ ಜೀವಿಗಳ ಪ್ರೋಟೀನಿನಲ್ಲಿರುವ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕಿವೆ. ಈ ಸಂಗತಿಯನ್ನು ಓದಿದ ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ.

ಪ್ರಶ್ನೆ: ನೌಕೆ ಹೀಗೆ ತಾಗಿದ್ದರಿಂದ ಅದರ ದಾರಿ ಬದಲಾಗಲಿಲ್ಲವೇ?

ಉತ್ತರ: ಅದನ್ನೂ ಲೆಕ್ಕ ಹಾಕಿ ನೋಡಿದ್ದಾರೆ. ಗಣನೆಗೆ ತೆಗೆದುಕೊಳ್ಳುವಷ್ಟೂ ಇಲ್ಲ.